ಹೆಚ್ಚುವರಿ ವರ್ಣತಂತು ಮತ್ತು ಡಾ. ಜೆರೋಮ್ ಲೆಜೂನ್

2021ನೆಯ ಇಸವಿಯ ಮೊದಲ ಮೂರು ತಿಂಗಳುಗಳಲ್ಲಿ, ಪರಸ್ಪರ ಯಾವ ನಂಟೂ ಇಲ್ಲವೆಂಬಂತೆ ತೋರುವ ಎರಡು ಘಟನೆಗಳು ನಡೆದವು. ಜನವರಿ 21ರಂದು ಜಗದ್ಗುರು ಫ್ರಾನ್ಸಿಸರು ಫ್ರಾನ್ಸ್ ದೇಶದ ವೈದ್ಯ ವಿಜ್ಞಾನಿ ಡಾ. ಜೆರೋಮ್ ಲೆಜೂನ್ ಅವರ ವೀರೋಚಿತ ಸದ್ಗುಣಗಳನ್ನು ಮಾನ್ಯ ಮಾಡುವ ಆಜ್ಞಾಪತ್ರಕ್ಕೆ ಸಮ್ಮತಿಯಿತ್ತರು. ಅಂದಿನಿಂದ ಅವರು ಧರ್ಮಸಭೆಯಲ್ಲಿ 'ಪೂಜ್ಯ' ಎಂಬ ಬಿರುದಿಗೆ ಪಾತ್ರರಾದರು. ಮಾರ್ಚ್ ತಿಂಗಳಲ್ಲಿ ನಮ್ಮ ಸಂಸತ್ತು 1971ರ ವೈದ್ಯಕೀಯ ಗರ್ಭಪಾತ ಕಾಯಿದೆಗೆ ತಿದ್ದುಪಡಿ ತಂದಿತು. ಅದರಂತೆ, ಭ್ರೂಣದಲ್ಲಿ ಗಣನೀಯವಾದ ವೈಕಲ್ಯವಿದೆಯೆಂದು ವೈದ್ಯಕೀಯ ಮಂಡಳಿಯು ನಿರ್ಣಯಿಸಿದಲ್ಲಿ ಗರ್ಭಪಾತಕ್ಕೆ ವಾರಗಳ ಮಿತಿಯೇ ಇಲ್ಲವಾಯಿತು. ರೋಮಾಪುರಿಯ ಆಜ್ಞಾಪತ್ರ ನಮ್ಮ ವಾರಪತ್ರಿಕೆಗಳಲ್ಲಿ ಮೂರು ಸಾಲಿನ ಸುದ್ದಿಯಾಗಿ ಮುಗಿದುಹೋಯಿತು. ದೆಹಲಿಯ ತಿದ್ದುಪಡಿಯ ಬಗೆಗೆ ಧರ್ಮಕೇಂದ್ರಗಳಲ್ಲಿ ಒಂದೆರಡು ಭಾನುವಾರ ಮಾತು ನಡೆದು ಅಲ್ಲಿಗೇ ನಿಂತಿತು. ಆದರೆ ಈ ಎರಡೂ ಒಂದೇ ಪ್ರಶ್ನೆಯ ಎರಡು ಮಗ್ಗುಲುಗಳು. ಆ ಪ್ರಶ್ನೆ ಇಂದು ಸ್ಕ್ಯಾನಿಂಗ್ ಕೇಂದ್ರದ ಹೊರಗಿನ ಬೆಂಚಿನ ಮೇಲೆ ವರದಿಗಾಗಿ ಕಾಯುತ್ತಿರುವ ನಮ್ಮದೇ ಮನೆಗಳ ಮಗಳು ಅಳಿಯಂದಿರ ಮುಂದೆ ಬಂದು ನಿಂತಿದೆ. ಆದುದರಿಂದ ಈ ವ್ಯಕ್ತಿ ಯಾರು, ಅವರು ಮಾಡಿದ್ದೇನು, ಅದು ನಮಗೇಕೆ ಸಂಬಂಧಿಸಿದ್ದು ಎಂಬುದನ್ನು ತುಸು ವಿವರವಾಗಿ ನೋಡುವುದು ಉಚಿತ.

ಲೆಜೂನರು ಜನಿಸಿದ್ದು 1926ರ ಜೂನ್ 13ರಂದು, ಪ್ಯಾರಿಸ್ ನಗರಕ್ಕೆ ತಾಗಿಕೊಂಡಿರುವ ಮೋಂರೂಜ್ ಎಂಬಲ್ಲಿ. ವೈದ್ಯಕೀಯ ವ್ಯಾಸಂಗ ಮುಗಿಸಿದ ಮೇಲೆ 1952ರಲ್ಲಿ ಮಕ್ಕಳ ತಜ್ಞ ಪ್ರಾಧ್ಯಾಪಕ ರೇಮೋಂ ಟರ್ಪಾನ್ ಅವರ ಬಳಿ ಸಂಶೋಧನೆಗೆ ಸೇರಿಕೊಂಡರು. ಅದೇ ವರ್ಷ ಡೆನ್ಮಾರ್ಕ್ ದೇಶದ ಬಿರ್ತೆ ಬ್ರಿಂಗ್‌ಸ್ಟೆಡ್ ಎಂಬಾಕೆಯನ್ನು ವಿವಾಹವಾದರು. ಈ ದಂಪತಿಗಳಿಗೆ ಐವರು ಮಕ್ಕಳು. ಟರ್ಪಾನರು ತಮ್ಮ ಕಿರಿಯ ಸಹಾಯಕನಿಗೆ ವಹಿಸಿದ ಕೆಲಸವೆಂದರೆ, ಅಂದು 'ಮಂಗೋಲಿಸಂ' ಎಂಬ ಅವಹೇಳನಕಾರಿ ಹೆಸರಿನಿಂದ ಕರೆಯಲ್ಪಡುತ್ತಿದ್ದ ಸ್ಥಿತಿಯ ಅಧ್ಯಯನ. 1866ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ ಅವರು ಇದನ್ನು ಮೊದಲು ವಿವರವಾಗಿ ಬಣ್ಣಿಸಿ, ಈ ಮಕ್ಕಳ ಮುಖಚರ್ಯೆ ಮಂಗೋಲಿಯದ ಜನರನ್ನು ಹೋಲುತ್ತದೆಂದು ಬಗೆದು ಆ ಹೆಸರನ್ನಿಟ್ಟಿದ್ದರು. ಇಡಿಯ ಒಂದು ಜನಾಂಗವನ್ನೂ ಒಂದು ಮಗುವನ್ನೂ ಏಕಕಾಲಕ್ಕೆ ಹೀನಾಯಗೊಳಿಸಿದ ಹೆಸರದು. 1965ರಲ್ಲಿ ಮಂಗೋಲಿಯ ದೇಶವೇ ಆಕ್ಷೇಪವೆತ್ತಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಟ್ಟಿತು. ಇಂದು ನಾವದನ್ನು ಡೌನ್ ಸಿಂಡ್ರೋಮ್ ಎನ್ನುತ್ತೇವೆ.

ಲೆಜೂನರು ಮೊದಲು ಕೈಹಾಕಿದ್ದು ಈ ಮಕ್ಕಳ ಅಂಗೈಯ ಗೆರೆಗಳಿಗೆ. ಹಸ್ತಸಾಮುದ್ರಿಕದ ನಂಬಿಕೆಯಿಂದಲ್ಲ. ಅಂಗೈಯ ಗೆರೆಗಳು ಮಗು ತಾಯಿಯ ಗರ್ಭದಲ್ಲಿ ತೀರ ಎಳೆಯದಿರುವಾಗಲೇ ಮೂಡುತ್ತವೆ. ಅವು ಈ ಮಕ್ಕಳಲ್ಲಿ ಬೇರೆಯಾಗಿವೆಯೆಂದ ಮೇಲೆ ಕಾರಣವೂ ಜನನಕ್ಕಿಂತ ಬಹಳ ಮೊದಲೇ ಇರಬೇಕೆಂಬುದು ಅವರ ತರ್ಕ. ತಾಯಿಯ ವಯಸ್ಸು ಹೆಚ್ಚಿದಂತೆ ಈ ಸ್ಥಿತಿಯ ಸಂಭವವೂ ಹೆಚ್ಚುತ್ತದೆಂಬುದನ್ನು ಇಂಗ್ಲೆಂಡಿನ ಲಯನೆಲ್ ಪೆನ್ರೋಸ್ 1933ರಲ್ಲಿಯೇ ತೋರಿಸಿದ್ದರು. ವರ್ಣತಂತುಗಳಲ್ಲಿ ಏನೋ ವ್ಯತ್ಯಯವಿರಬಹುದೆಂದು ಟರ್ಪಾನರೂ 1930ರ ದಶಕದಲ್ಲಿಯೇ ಊಹಿಸಿದ್ದರು. ಆದರೆ ಮಾನವನ ಜೀವಕೋಶದಲ್ಲಿರುವ ವರ್ಣತಂತುಗಳೆಷ್ಟು ಎಂಬುದೇ ಅಂದು ಸರಿಯಾಗಿ ತಿಳಿದಿರಲಿಲ್ಲ. ಪಠ್ಯಪುಸ್ತಕಗಳು 48 ಎನ್ನುತ್ತಿದ್ದವು. 46 ಎಂಬ ಸರಿಯಾದ ಎಣಿಕೆಯನ್ನು ಸ್ವೀಡನ್ನಿನ ಲುಂಡ್ ನಗರದಲ್ಲಿ ಜೋ ಹಿನ್ ಜಿಯೋ ಮತ್ತು ಆಲ್ಬರ್ಟ್ ಲೆವಾನ್ ಪ್ರಕಟಿಸಿದ್ದು 1956ರಲ್ಲಿ.

ಇಲ್ಲಿಂದ ಮುಂದಿನ ಕತೆಯಲ್ಲಿ ಇನ್ನೊಬ್ಬರ ಹೆಸರನ್ನು ಹೇಳದೆ ಹೋದರೆ ಅನ್ಯಾಯವಾದೀತು. ಡಾ. ಮಾರ್ತ್ ಗೋಟಿಯೇ ಎಂಬ ಯುವ ವೈದ್ಯೆ, ಅಮೆರಿಕದ ಹಾರ್ವರ್ಡ್‌ನಲ್ಲಿ ಒಂದು ವರ್ಷ ಕಳೆದು, ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವ ವಿದ್ಯೆಯನ್ನು ಕಲಿತು ಪ್ಯಾರಿಸಿಗೆ ಮರಳಿದ್ದರು. ಟರ್ಪಾನರ ಟ್ರೂಸೋ ಆಸ್ಪತ್ರೆಯಲ್ಲಿ ಅಂಥ ಪ್ರಯೋಗಾಲಯವಿರಲಿಲ್ಲ, ಹಣವೂ ಇರಲಿಲ್ಲ. ಗಾಜಿನ ಸಾಮಾನುಗಳಿಗೆ ಆಕೆ ತಾವೇ ಸಾಲ ತೆಗೆದರು. ಕೋಶಗಳ ಪೋಷಣೆಗೆ ಬೇಕಾದ ದ್ರವಕ್ಕಾಗಿ ಹುಂಜವೊಂದನ್ನು ಸಾಕಿದರು. ಮಾನವ ರಕ್ತಸಾರ ಬೇಕಾದಾಗ ತಮ್ಮ ತೋಳಿನಿಂದಲೇ ತೆಗೆದುಕೊಂಡರು. ಹೀಗೆ ಸಿದ್ಧವಾದ ಗಾಜಿನ ಪಟ್ಟಿಗಳಲ್ಲಿ, ಡೌನ್ ಸಿಂಡ್ರೋಮ್ ಇರುವ ಮಗುವಿನ ಜೀವಕೋಶದಲ್ಲಿ 46ರ ಬದಲು 47 ವರ್ಣತಂತುಗಳು ಕಂಡವು. ಆಕೆಯ ಸೂಕ್ಷ್ಮದರ್ಶಕಕ್ಕೆ ಚಿತ್ರ ತೆಗೆಯುವ ಸಾಮರ್ಥ್ಯವಿರಲಿಲ್ಲವಾದ್ದರಿಂದ 1958ರಲ್ಲಿ ಲೆಜೂನರು ಆ ಪಟ್ಟಿಗಳನ್ನು ಛಾಯಾಚಿತ್ರಕ್ಕಾಗಿ ಕೊಂಡೊಯ್ದರು. 1959ರ ಜನವರಿ 26ರಂದು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಬಂದ ಪ್ರಬಂಧದಲ್ಲಿ ಲೆಜೂನರ ಹೆಸರು ಮೊದಲು, ಗೋಟಿಯೇ ಅವರದು ಎರಡನೆಯದು, ಟರ್ಪಾನರದು ಕೊನೆಯದು. ಆಕೆಯ ಹೆಸರನ್ನು ತಪ್ಪಾಗಿ ಬೇರೆ ಮುದ್ರಿಸಲಾಗಿತ್ತು. ಮಾರ್ಚಿಯಲ್ಲಿ ಒಂಬತ್ತು ಮಕ್ಕಳ ಪರೀಕ್ಷೆಯ ಆಧಾರದಲ್ಲಿ ಎರಡನೆಯ ಪ್ರಬಂಧ ಹೊರಬಂತು. ಏಪ್ರಿಲಿನಲ್ಲಿ ಎಡಿನ್‌ಬರೋ ನಗರದ ಪೆಟ್ರೀಷಿಯಾ ಜೇಕಬ್ಸ್ ಮತ್ತು ಸಂಗಡಿಗರು ಸ್ವತಂತ್ರವಾಗಿ ಅದೇ ಫಲಿತಾಂಶವನ್ನು ಪ್ರಕಟಿಸಿದರು.

ಐವತ್ತು ವರ್ಷ ಮೌನವಾಗಿದ್ದ ಗೋಟಿಯೇ ಅವರು 2009ರಲ್ಲಿ ತಮ್ಮ ನೆನಪುಗಳನ್ನು ಬರೆದು, ಶೋಧನೆಯ ಕೀರ್ತಿ ತಮ್ಮ ಕೈತಪ್ಪಿದ ಬಗೆಯನ್ನು ಹೇಳಿಕೊಂಡರು. 2014ರ ಜನವರಿಯಲ್ಲಿ ಬೋರ್ಡೊ ನಗರದ ತಳಿವಿಜ್ಞಾನಿಗಳ ಸಮ್ಮೇಳನದಲ್ಲಿ ಆಕೆಯನ್ನು ಸನ್ಮಾನಿಸಲು ಸಿದ್ಧತೆಯಾಗಿತ್ತು. ಲೆಜೂನ್ ಪ್ರತಿಷ್ಠಾನವು ಆಕೆಯ ಭಾಷಣವನ್ನು ಧ್ವನಿಮುದ್ರಿಸಲು ನ್ಯಾಯಾಲಯದ ಅನುಮತಿ ಪಡೆದು ಅಮೀನರನ್ನು ಕಳುಹಿಸಿತು. ಸಂಘಟಕರು ಭಾಷಣವನ್ನೇ ರದ್ದುಗೊಳಿಸಿದರು. ಅದೇ ವರ್ಷ ಫ್ರಾನ್ಸಿನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ ನೀತಿಸಮಿತಿಯು, ಕೋಶ ಬೆಳೆಸುವ ತಂತ್ರವಿಲ್ಲದೆ ಶೋಧನೆ ಸಾಧ್ಯವಿರಲಿಲ್ಲವೆಂದೂ, ಆರಂಭದ ಘಟ್ಟದಲ್ಲಿ ಲೆಜೂನರ ಪಾತ್ರ ಪ್ರಧಾನವಾಗಿದ್ದಿರುವುದು ಅಸಂಭವವೆಂದೂ ಅಭಿಪ್ರಾಯಪಟ್ಟಿತು. ಪ್ರತಿಷ್ಠಾನವಾದರೋ ಲೆಜೂನರ ಟಿಪ್ಪಣಿ ಪುಸ್ತಕವನ್ನೂ ಅಂದಿನ ಪತ್ರಗಳನ್ನೂ ಮುಂದಿಟ್ಟು ಇದನ್ನು ಅಲ್ಲಗಳೆಯುತ್ತದೆ. ಗೋಟಿಯೇ ಅವರು 2022ರ ಏಪ್ರಿಲ್ 30ರಂದು, ತಮ್ಮ 96ನೆಯ ವಯಸ್ಸಿನಲ್ಲಿ ನಿಧನರಾದರು.

ನಮ್ಮ ಕಥೋಲಿಕ ಪ್ರಕಟಣೆಗಳು ಲೆಜೂನರನ್ನು ಕುರಿತು ಬರೆಯುವಾಗ ಈ ಅಧ್ಯಾಯವನ್ನು ಮೆಲ್ಲನೆ ದಾಟಿಹೋಗುವುದುಂಟು. ಅದು ಸರಿಯಲ್ಲ. ಸಾಕ್ಷಿ ಸತ್ಯದ್ದಾಗಿರಬೇಕೆಂಬುದು ಧರ್ಮಸಭೆಯ ಹಳೆಯ ನಿಯಮ. ಮೇಲಾಗಿ, ಲೆಜೂನರ ಹಿರಿಮೆ ಒಂದು ಗಾಜಿನ ಪಟ್ಟಿಯನ್ನು ಯಾರು ಮೊದಲು ನೋಡಿದರೆಂಬುದರ ಮೇಲೆ ನಿಂತಿಲ್ಲ. ಅದು ನಿಂತಿರುವುದು ಆಮೇಲಿನ ಮೂವತ್ತೈದು ವರ್ಷಗಳ ಮೇಲೆ.

ಆ ಶೋಧನೆಯ ಅರ್ಥವನ್ನು ಸರಳವಾಗಿ ಹೇಳುವುದಾದರೆ ಹೀಗೆ: ನಮ್ಮ ಪ್ರತಿ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆ, ಪ್ರತಿ ಜೊತೆಯಲ್ಲಿ ತಾಯಿಯದೊಂದು, ತಂದೆಯದೊಂದು. ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ಜೊತೆ ಬೇರ್ಪಡಬೇಕು. ಕೆಲವೊಮ್ಮೆ 21ನೆಯ ಜೊತೆ ಬೇರ್ಪಡದೆ ಒಟ್ಟಿಗೇ ಉಳಿಯುತ್ತದೆ. ಆಗ ಮಗುವಿಗೆ 21ನೆಯ ವರ್ಣತಂತು ಎರಡರ ಬದಲು ಮೂರು ಬರುತ್ತವೆ. ಡೌನ್ ಸಿಂಡ್ರೋಮ್‌ನ ಶೇಕಡಾ 95ರಷ್ಟು ಪ್ರಕರಣಗಳು ಈ ಬಗೆಯವು. ತಾಯಿಯ ವಯಸ್ಸು ಇಪ್ಪತ್ತರ ದಶಕದಲ್ಲಿರುವಾಗ ಸಂಭವ ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. 35ರಲ್ಲಿ ಸುಮಾರು 350ಕ್ಕೆ ಒಂದು. 40ರಲ್ಲಿ ನೂರಕ್ಕೆ ಒಂದು. ಆದರೂ ಎಳೆಯ ವಯಸ್ಸಿನ ತಾಯಂದಿರೇ ಹೆಚ್ಚು ಮಕ್ಕಳನ್ನು ಹೆರುವುದರಿಂದ, ಈ ಮಕ್ಕಳಲ್ಲಿ ಬಹಳಷ್ಟು ಮಂದಿ ಎಳೆಯ ತಾಯಂದಿರ ಮಡಿಲಲ್ಲೇ ಇದ್ದಾರೆ.

ಇದು ಬರೀ ಎಣಿಕೆಯ ವಿಷಯವಲ್ಲ. 1959ಕ್ಕೆ ಮುಂಚೆ ಇಂಥ ಮಗು ಹುಟ್ಟಿದಾಗ ಯೂರೋಪಿನ ವೈದ್ಯರು ತಂದೆತಾಯಿಯರ ಗುಹ್ಯರೋಗವನ್ನೋ ಕುಡಿತವನ್ನೋ ಶಂಕಿಸುತ್ತಿದ್ದರು. ನೆರೆಹೊರೆಯವರು ಪಿಸುಗುಟ್ಟುತ್ತಿದ್ದರು. ನಮ್ಮಲ್ಲಿ ಈಗಲೂ ಏನು ಕಡಿಮೆ? ಗ್ರಹಣದ ದಿನ ಬಸುರಿ ಹೊರಗೆ ಬಂದಳೆಂದೋ, ಪಪ್ಪಾಯಿ ತಿಂದಳೆಂದೋ, ಮದುವೆಗೆ ಮುಂಚಿನ ಯಾವುದೋ ಪಾಪದ ಫಲವೆಂದೋ ಸೊಸೆಯ ತಲೆಗೇ ಕಟ್ಟುವ ಅತ್ತೆಯಂದಿರು ಪ್ರತಿವಾರ ಬಲಿಪೂಜೆಗೆ ಬರುವವರಲ್ಲಿಯೂ ಇದ್ದಾರೆ. ನಮ್ಮ ರಾಜ್ಯದಲ್ಲಿ ಹತ್ತಿರದ ಸಂಬಂಧದಲ್ಲಿ ಮದುವೆಯಾಗುವ ರೂಢಿ ಹಲವು ಸಮುದಾಯಗಳಲ್ಲಿರುವುದರಿಂದ, ಇದೂ ರಕ್ತಸಂಬಂಧದ ಫಲವೇ ಎಂದು ಭಾವಿಸುವವರು ಬಹಳ. ರಕ್ತಸಂಬಂಧದಿಂದ ಹೆಚ್ಚುವ ಬೇರೆ ಕಾಯಿಲೆಗಳಿವೆ ನಿಜ. ಡೌನ್ ಸಿಂಡ್ರೋಮ್ ಆ ಗುಂಪಿಗೆ ಸೇರಿದ್ದಲ್ಲ. ನೂರಕ್ಕೆ ಮೂರು ನಾಲ್ಕು ಪ್ರಕರಣಗಳಲ್ಲಿ ಮಾತ್ರ ಒಂದು ವರ್ಣತಂತು ಮತ್ತೊಂದಕ್ಕೆ ಅಂಟಿಕೊಂಡಿರುತ್ತದೆ. ಅಂಥಲ್ಲಿ ತಂದೆ ಅಥವಾ ತಾಯಿ ಅದರ ವಾಹಕರಾಗಿರಬಹುದು. ಮುಂದಿನ ಮಗುವಿಗೆ ಮುಂಚೆ ತಳಿ ಸಲಹೆ ಪಡೆಯುವುದು ಅಂಥವರಿಗೆ ಅಗತ್ಯ. ಉಳಿದವರ ಪಾಲಿಗೆ ಇದು ಯಾರ ತಪ್ಪೂ ಅಲ್ಲದ ಆಕಸ್ಮಿಕ. ಲೆಜೂನರ ಕೊಠಡಿಗೆ ಮಗುವನ್ನು ಎತ್ತಿಕೊಂಡು ಬಂದ ಸಾವಿರಾರು ತಾಯಂದಿರು ಹೊರಗೆ ಹೋಗುವಾಗ ಕೊಂಡೊಯ್ದ ಮೊದಲ ಔಷಧ ಈ ಮಾತೇ ಆಗಿತ್ತು.

ಮುಂದಿನ ವರ್ಷಗಳಲ್ಲಿ ಕೀರ್ತಿ ಹರಿದುಬಂತು. 1962ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರಿಂದ ಕೆನಡಿ ಪ್ರಶಸ್ತಿ ಪಡೆದರು. 1963ರಲ್ಲಿ, 5ನೆಯ ವರ್ಣತಂತುವಿನ ತುಣುಕೊಂದು ಕಳೆದುಹೋದಾಗ ಉಂಟಾಗುವ, ಮಗುವಿನ ಅಳು ಬೆಕ್ಕಿನ ಮರಿಯ ಕೂಗಿನಂತೆ ಕೇಳುವ ಸ್ಥಿತಿಯನ್ನು ಗುರುತಿಸಿದರು. 1964ರಲ್ಲಿ ಪ್ಯಾರಿಸಿನ ವೈದ್ಯಕೀಯ ವಿಭಾಗದಲ್ಲಿ ಮೂಲಭೂತ ತಳಿವಿಜ್ಞಾನದ ಪೀಠ ಅವರಿಗಾಗಿ ಸ್ಥಾಪನೆಯಾಯಿತು. ನೆಕ್ಕರ್ ಮಕ್ಕಳ ಆಸ್ಪತ್ರೆಯಲ್ಲಿ ಅವರ ಚಿಕಿತ್ಸಾಲಯಕ್ಕೆ ದೂರದೂರದಿಂದ ಕುಟುಂಬಗಳು ಬರತೊಡಗಿದವು.

ಅಷ್ಟರಲ್ಲಿ ಶೋಧನೆ ಅದನ್ನು ಕಂಡವರ ಕೈಮೀರಿ ಬೇರೆ ದಾರಿ ಹಿಡಿದಿತ್ತು. ಗರ್ಭಕೋಶದ ನೀರನ್ನು ಸೂಜಿಯಿಂದ ತೆಗೆದು ಅದರಲ್ಲಿರುವ ಮಗುವಿನ ಜೀವಕೋಶಗಳ ವರ್ಣತಂತುಗಳನ್ನು ಎಣಿಸುವುದು 1966ರಲ್ಲಿ ಸಾಧ್ಯವಾಯಿತು. ಚಿಕಿತ್ಸೆ ಮಾತ್ರ ಇರಲಿಲ್ಲ. ರೋಗವನ್ನು ಗುರುತಿಸಬಹುದು, ಗುಣಪಡಿಸಲಾಗದು ಎಂಬ ಅಂತರದಲ್ಲಿ ರೋಗಿಯನ್ನೇ ಇಲ್ಲವಾಗಿಸುವ ಆಲೋಚನೆ ಹುಟ್ಟಿಕೊಂಡಿತು. 1969ರಲ್ಲಿ ಅಮೆರಿಕದ ತಳಿವಿಜ್ಞಾನಿಗಳ ಸಂಘವು ತನ್ನ ಅತ್ಯುನ್ನತವಾದ ವಿಲಿಯಂ ಆಲನ್ ಪ್ರಶಸ್ತಿಯನ್ನು ಲೆಜೂನರಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪ್ರದಾನ ಮಾಡಿತು. ಸನ್ಮಾನಕ್ಕೆ ಉತ್ತರವಾಗಿ ಅವರು, ವೈದ್ಯನ ಕೆಲಸ ರೋಗವನ್ನು ನಿವಾರಿಸುವುದೇ ಹೊರತು ರೋಗಿಯನ್ನಲ್ಲ ಎಂಬ ಅರ್ಥದಲ್ಲಿ ನೇರವಾಗಿ ಮಾತನಾಡಿದರು. ಸಭೆ ತಣ್ಣಗಾಯಿತು. ನೊಬೆಲ್ ಪ್ರಶಸ್ತಿ ಇಂದು ತನ್ನ ಕೈಬಿಟ್ಟಿತೆಂದು ಅವರು ಆ ರಾತ್ರಿ ಪತ್ನಿಗೆ ತಿಳಿಸಿದರೆಂದು ಅವರ ಜೀವನಚರಿತ್ರೆಕಾರರು ಹೇಳುತ್ತಾರೆ.

1970ರಲ್ಲಿ ಫ್ರಾನ್ಸಿನ ಸಂಸತ್ತಿನ ಮುಂದೆ, ಭ್ರೂಣದ ವೈಕಲ್ಯದ ಕಾರಣಕ್ಕೆ ಗರ್ಭಪಾತವನ್ನು ಅನುಮತಿಸುವ ಮಸೂದೆಯೊಂದು ಬಂತು, ಅದು ಕಾನೂನಾಗಲಿಲ್ಲ. 1975ರ ಜನವರಿಯಲ್ಲಿ ಸಿಮೋನ್ ವೇಯ್ ಅವರ ಹೆಸರಿನಿಂದ ಪ್ರಸಿದ್ಧವಾದ ಗರ್ಭಪಾತ ಕಾನೂನು ಜಾರಿಗೆ ಬಂತು. ಈ ಎಲ್ಲ ವರ್ಷಗಳಲ್ಲಿ ಲೆಜೂನರು ಊರೂರು ತಿರುಗಿ ವಿರೋಧಿಸಿದರು. ವಿಶ್ವವಿದ್ಯಾಲಯದ ಗೋಡೆಗಳ ಮೇಲೆ ಅವರ ವಿರುದ್ಧ ಬರಹಗಳು ಕಾಣಿಸಿಕೊಂಡವು. ಸಂಶೋಧನಾ ಅನುದಾನ ಕ್ಷೀಣಿಸಿತು. ಹಳೆಯ ಗೆಳೆಯರು ದೂರವಾದರು. ಅವರ ಮಾತು ಎಲ್ಲ ಸಂದರ್ಭಗಳಲ್ಲಿಯೂ ಮೃದುವಾಗಿತ್ತೆಂದು ಹೇಳಲಾಗದು. ಗರ್ಭಪಾತದ ಮಾತ್ರೆಯನ್ನು ಮನುಷ್ಯರ ವಿರುದ್ಧದ ಕೀಟನಾಶಕವೆಂದು ಕರೆದವರು ಅವರು. ಅಂಥ ಮಾತು ಸಭಿಕರ ಚಪ್ಪಾಳೆ ಗಿಟ್ಟಿಸೀತೇ ಹೊರತು ದಿಕ್ಕುತೋಚದೆ ನಿಂತ ಒಬ್ಬ ಗರ್ಭಿಣಿಯ ಕಿವಿಗೆ ಹಿತವಾಗಿ ಬೀಳಲಾರದು. ಆದರೆ ಚಿಕಿತ್ಸಾಲಯದಲ್ಲಿ ಅವರು ಬೇರೆಯೇ ಆಗಿದ್ದರೆಂಬುದಕ್ಕೆ ಅಲ್ಲಿಗೆ ಹೋಗಿಬಂದ ಕುಟುಂಬಗಳೇ ಸಾಕ್ಷಿ. ಪ್ರತಿಯೊಬ್ಬ ರೋಗಿಯನ್ನೂ ಹೆಸರು ಹಿಡಿದೇ ಮಾತನಾಡಿಸುತ್ತಿದ್ದರಂತೆ.

ಧರ್ಮಸಭೆಯೊಂದಿಗಿನ ಅವರ ಒಡನಾಟವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1974ರಲ್ಲಿ ಪೋಪರ ವಿಜ್ಞಾನ ಅಕಾಡೆಮಿಯ ಸದಸ್ಯರಾದರು. 1981ರ ಮೇ 13ರಂದು ಎರಡನೆಯ ಜಾನ್ ಪಾಲರೊಡನೆ ಲೆಜೂನ್ ದಂಪತಿಗಳು ಮಧ್ಯಾಹ್ನದ ಊಟ ಮಾಡಿದರು. ಅದೇ ಸಂಜೆ ಸಂತ ಪೇತ್ರರ ಚೌಕದಲ್ಲಿ ಜಗದ್ಗುರುಗಳ ಮೇಲೆ ಗುಂಡು ಹಾರಿತು. ಅದೇ ಡಿಸೆಂಬರಿನಲ್ಲಿ ಅಣ್ವಸ್ತ್ರ ಯುದ್ಧದ ವಿನಾಶವನ್ನು ಸೋವಿಯತ್ ನಾಯಕ ಬ್ರೆಝ್ನೆವ್ ಅವರಿಗೆ ಮನಗಾಣಿಸಲು ಮಾಸ್ಕೋಗೆ ಹೋದ ಅಕಾಡೆಮಿಯ ನಿಯೋಗದಲ್ಲಿ ಲೆಜೂನರಿದ್ದರು. 1994ರ ಫೆಬ್ರವರಿಯಲ್ಲಿ ಜಗದ್ಗುರುಗಳು ಜೀವ ಸಂರಕ್ಷಣೆಗಾಗಿ ಹೊಸ ಅಕಾಡೆಮಿಯೊಂದನ್ನು ಸ್ಥಾಪಿಸಿ ಅದರ ಮೊದಲ ಅಧ್ಯಕ್ಷರನ್ನಾಗಿ ಅವರನ್ನೇ ನೇಮಿಸಿದರು. ಆಗಲೇ ಶ್ವಾಸಕೋಶದ ಕ್ಯಾನ್ಸರ್ ಅವರನ್ನು ಹಾಸಿಗೆ ಹಿಡಿಸಿತ್ತು. ಏಪ್ರಿಲ್ 3ರ ಪಾಸ್ಖ ಭಾನುವಾರದ ಮುಂಜಾನೆ ತೀರಿಕೊಂಡರು. 1997ರ ಆಗಸ್ಟಿನಲ್ಲಿ ವಿಶ್ವ ಯುವದಿನಕ್ಕಾಗಿ ಪ್ಯಾರಿಸಿಗೆ ಬಂದ ಜಗದ್ಗುರುಗಳು, ಫ್ರಾನ್ಸಿನ ಕೆಲವು ಪತ್ರಿಕೆಗಳ ಗೊಣಗಾಟವನ್ನು ಲೆಕ್ಕಿಸದೆ, ಷಾಲೋ ಸೇಂ ಮಾರ್ ಎಂಬ ಹಳ್ಳಿಯಲ್ಲಿನ ಅವರ ಸಮಾಧಿಗೆ ಹೋಗಿ ಪ್ರಾರ್ಥಿಸಿದರು. 'ಧನ್ಯ' ಪದವಿಗೆ ಏರಬೇಕಾದರೆ ಇನ್ನು ಅವರ ಮಧ್ಯಸ್ಥಿಕೆಯಿಂದಾದ ಪವಾಡವೊಂದು ದೃಢಪಡಬೇಕು.

ಈಗ ನಮ್ಮ ಕಾಲಕ್ಕೆ ಬರೋಣ. ಗರ್ಭಿಣಿಯ ರಕ್ತದಲ್ಲಿ ಮಗುವಿನ ತಳಿದ್ರವ್ಯದ ಚೂರುಗಳು ತೇಲುತ್ತಿರುತ್ತವೆಂದು ಹಾಂಗ್‌ಕಾಂಗ್‌ನ ವಿಜ್ಞಾನಿ ಡೆನಿಸ್ ಲೋ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. 2011ರಿಂದ ಅದು ಮಾರುಕಟ್ಟೆಯ ಪರೀಕ್ಷೆಯಾಯಿತು. ತಾಯಿಯ ತೋಳಿನಿಂದ ತೆಗೆದ ತುಸು ರಕ್ತ ಸಾಕು. ಹತ್ತನೆಯ ವಾರದಿಂದಲೇ ಮಾಡಬಹುದು. 'ಎನ್ಐಪಿಟಿ' ಎಂಬ ಹೆಸರಿನ ಈ ಪರೀಕ್ಷೆ ಈಗ ನಮ್ಮ ಜಿಲ್ಲಾ ಕೇಂದ್ರಗಳ ಖಾಸಗಿ ಆಸ್ಪತ್ರೆಗಳಲ್ಲಿಯೂ ಸಾವಿರಾರು ರೂಪಾಯಿಗಳ ಬೆಲೆಗೆ ದೊರೆಯುತ್ತಿದೆ. ಡೌನ್ ಸಿಂಡ್ರೋಮ್ ಇರುವ ಗರ್ಭಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತರಷ್ಟನ್ನು ಅದು ಗುರುತಿಸುತ್ತದೆಂಬುದು ನಿಜ. ಆದರೆ ಅದು ಶಂಕೆಯನ್ನು ತಿಳಿಸುವ ಪರೀಕ್ಷೆಯೇ ಹೊರತು ನಿರ್ಣಯವಲ್ಲ. ವಿಶೇಷವಾಗಿ ಎಳೆಯ ತಾಯಂದಿರಲ್ಲಿ, ಶಂಕೆಯಿದೆಯೆಂದು ಬಂದ ವರದಿ ಸುಳ್ಳಾಗುವುದೂ ಉಂಟು. ಗರ್ಭಜಲದ ಪರೀಕ್ಷೆಯಿಂದ ದೃಢಪಡಿಸಿಕೊಳ್ಳದೆ ಯಾವ ತೀರ್ಮಾನಕ್ಕೂ ಬರಬಾರದೆಂಬುದು ವೈದ್ಯಕೀಯ ಶಾಸ್ತ್ರದ್ದೇ ನಿಯಮ. ವರದಿ ಕೈಗಿಟ್ಟು ಎರಡು ನಿಮಿಷಗಳಲ್ಲಿ 'ಏನು ಮಾಡುತ್ತೀರಿ, ಬೇಗ ಹೇಳಿ' ಎನ್ನುವವರು ಆ ನಿಯಮವನ್ನು ಪಾಲಿಸುತ್ತಿಲ್ಲ.

ಎಲ್ಲರಿಗೂ ಪರೀಕ್ಷೆಯೆಂಬುದು ಎಲ್ಲಿಗೆ ಒಯ್ಯಬಹುದೆಂಬುದಕ್ಕೆ ಲೆಜೂನರ ಪತ್ನಿಯ ತವರಾದ ಡೆನ್ಮಾರ್ಕ್ ದೇಶವೇ ಉದಾಹರಣೆ. 2004ರಿಂದ ಅಲ್ಲಿ ಪ್ರತಿ ಗರ್ಭಿಣಿಗೂ ಈ ತಪಾಸಣೆಯ ಅವಕಾಶವಿದೆ. ಡೌನ್ ಸಿಂಡ್ರೋಮ್ ದೃಢಪಟ್ಟವರಲ್ಲಿ ಶೇಕಡಾ 95ಕ್ಕೂ ಹೆಚ್ಚು ಮಂದಿ ಗರ್ಭಪಾತವನ್ನು ಆರಿಸಿಕೊಳ್ಳುತ್ತಾರೆ. ಯಾವ ಸರಕಾರವೂ ಅವರನ್ನು ಬಲಾತ್ಕರಿಸಿಲ್ಲ. ಆದರೆ ಎಲ್ಲರೂ ಒಂದೇ ದಾರಿಯಲ್ಲಿ ಹೋಗುತ್ತಿರುವಾಗ ಬೇರೆ ದಾರಿ ಹಿಡಿಯುವ ತಾಯಿಗೆ 'ಮೊದಲೇ ಗೊತ್ತಿರಲಿಲ್ಲವೇ?' ಎಂಬ ಪ್ರಶ್ನೆ ಎದುರಾಗುತ್ತದೆ. 1959ರಲ್ಲಿ ವಿಜ್ಞಾನ ತಾಯಿಯ ತಲೆಯಿಂದ ಇಳಿಸಿದ್ದ ಆರೋಪ ಹೀಗೆ ಬೇರೆ ರೂಪದಲ್ಲಿ ಮತ್ತೆ ಅವಳ ತಲೆಯನ್ನೇರುತ್ತದೆ.

ನಮ್ಮ ದೇಶದ ಸ್ಥಿತಿ ಡೆನ್ಮಾರ್ಕಿನದಲ್ಲ. 1994ರ ಪ್ರಸವಪೂರ್ವ ರೋಗನಿದಾನ ಕಾಯಿದೆ ಹೆಣ್ಣು ಭ್ರೂಣಗಳ ರಕ್ಷಣೆಗಾಗಿ ಬಂದುದು. ಲಿಂಗವನ್ನು ತಿಳಿಸುವುದನ್ನು ಅದು ನಿಷೇಧಿಸುತ್ತದೆ. ವರ್ಣತಂತುಗಳ ವ್ಯತ್ಯಯವನ್ನು ಹುಡುಕುವುದನ್ನು, ತಾಯಿಯ ವಯಸ್ಸು 35ನ್ನು ದಾಟಿರುವಂಥ ಗೊತ್ತುಪಡಿಸಿದ ಕಾರಣಗಳಿಗೆ ಅನುಮತಿಸುತ್ತದೆ. ಹೆಣ್ಣೆಂಬ ಕಾರಣಕ್ಕೆ ಭ್ರೂಣವನ್ನು ತೆಗೆಸುವುದು ಅಪರಾಧ, ಹೆಚ್ಚುವರಿ ವರ್ಣತಂತುವಿನ ಕಾರಣಕ್ಕೆ ತೆಗೆಸುವುದು ಹಕ್ಕು: ಈ ಎರಡನ್ನೂ ಒಂದೇ ಸಂಸತ್ತು ಹೇಗೆ ಒಟ್ಟಿಗೆ ಹೇಳುತ್ತದೆಂಬುದನ್ನು ನಮ್ಮ ನ್ಯಾಯವಾದಿಗಳು ಎಂದಾದರೂ ಗಟ್ಟಿಯಾಗಿ ಕೇಳಬೇಕು. 2017ರ ಫೆಬ್ರವರಿಯಲ್ಲಿ, 26 ವಾರಗಳ ಗರ್ಭದಲ್ಲಿ ಡೌನ್ ಸಿಂಡ್ರೋಮ್ ಇದೆಯೆಂದು ತಿಳಿದ ಮಹಾರಾಷ್ಟ್ರದ ಮಹಿಳೆಯೊಬ್ಬರು ಗರ್ಭಪಾತಕ್ಕೆ ಅನುಮತಿ ಕೋರಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ತಾಯಿಯ ಜೀವಕ್ಕೆ ಅಪಾಯವಿಲ್ಲವೆಂದು ವೈದ್ಯಕೀಯ ಮಂಡಳಿ ತಿಳಿಸಿತ್ತು. ನ್ಯಾಯಾಲಯ ಅನುಮತಿ ನಿರಾಕರಿಸಿತು. ಅಂದು ಮಿತಿ 20 ವಾರಗಳಾಗಿತ್ತು. 2021ರ ತಿದ್ದುಪಡಿಯ ಬಳಿಕ ಪ್ರಶ್ನೆ ನ್ಯಾಯಾಲಯದಿಂದ ಬಹುಮಟ್ಟಿಗೆ ರಾಜ್ಯದ ವೈದ್ಯಕೀಯ ಮಂಡಳಿಯ ಮೇಜಿಗೆ ಬಂದಿದೆ. 'ಗಣನೀಯ ವೈಕಲ್ಯ' ಎಂದರೆ ಯಾವುದು ಎಂದು ಕಾಯಿದೆ ಪಟ್ಟಿ ಕೊಟ್ಟಿಲ್ಲ. ಮಿದುಳೇ ಬೆಳೆಯದ, ಹುಟ್ಟಿದ ಗಂಟೆಗಳಲ್ಲೇ ತೀರಿಕೊಳ್ಳುವ ಶಿಶುವಿನ ಸ್ಥಿತಿಯೂ, ಶಾಲೆಗೆ ಹೋಗಬಲ್ಲ, ದುಡಿಯಬಲ್ಲ, ಅರುವತ್ತರ ತನಕ ಬಾಳಬಲ್ಲ ಮಗುವಿನ ಸ್ಥಿತಿಯೂ ಒಂದೇ ಪದದಡಿ ಬರುತ್ತವೆಯೇ? ಇದನ್ನು ಮಂಡಳಿಯ ಸದಸ್ಯರ ವಿವೇಚನೆಗೆ ಬಿಡಲಾಗಿದೆ.

ಅರುವತ್ತರ ತನಕ ಎಂದುದು ಉತ್ಪ್ರೇಕ್ಷೆಯಲ್ಲ. ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಹಿಂದೆ ಅದಕ್ಕೆ ಶಸ್ತ್ರಚಿಕಿತ್ಸೆಯನ್ನೇ ನಿರಾಕರಿಸಲಾಗುತ್ತಿತ್ತು. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಇವರ ಸರಾಸರಿ ಆಯುಷ್ಯ ಸುಮಾರು 25 ವರ್ಷ. ಈಗ ಸುಮಾರು 60. ಹೆಚ್ಚಿದ ವರ್ಷಗಳ ಬಹುಪಾಲು ಬಂದುದು ತಳಿವಿಜ್ಞಾನದಿಂದಲ್ಲ, ಹೃದಯದ ಶಸ್ತ್ರಚಿಕಿತ್ಸೆಯಿಂದ, ಥೈರಾಯ್ಡ್ ಮಾತ್ರೆಯಿಂದ, ಮನೆಯಲ್ಲಿಟ್ಟುಕೊಂಡು ಸಾಕಿದ್ದರಿಂದ. ಲೆಜೂನರು ತಮ್ಮ ಕೊನೆಯ ದಿನದವರೆಗೂ ಹುಡುಕಿದ ಔಷಧ ಅವರಿಗೆ ಸಿಗಲಿಲ್ಲ. ಆದರೆ ಹುಡುಕಾಟ ನಿಂತಿಲ್ಲ. 2013ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಜೀನ್ ಲಾರೆನ್ಸ್ ಮತ್ತು ಸಂಗಡಿಗರು, ಪ್ರಯೋಗಾಲಯದ ಕೋಶಗಳಲ್ಲಿ ಹೆಚ್ಚುವರಿ ವರ್ಣತಂತುವನ್ನು ಮೌನಗೊಳಿಸುವುದು ಸಾಧ್ಯವೆಂದು ತೋರಿಸಿದರು. 2025ರಲ್ಲಿ ಜಪಾನಿನ ವಿಜ್ಞಾನಿಗಳು ಅದನ್ನು ಕೋಶದಿಂದ ಕತ್ತರಿಸಿ ತೆಗೆದ ವರದಿ ಪ್ರಕಟವಾಯಿತು. ಗಾಜಿನ ಪಾತ್ರೆಯಲ್ಲಿನ ಕೋಶಕ್ಕೂ ಒಂದು ಮಗುವಿಗೂ ಬಹಳ ದೂರವಿದೆ. ನಾಳೆಯೇ ಔಷಧ ಬರುತ್ತದೆಂದು ಯಾರಾದರೂ ವಾಟ್ಸಪ್‌ನಲ್ಲಿ ಕಳುಹಿಸಿದರೆ ನಂಬದಿರುವುದು ಒಳಿತು.

ಪರೀಕ್ಷೆಯನ್ನೇ ಧರ್ಮಸಭೆ ನಿಷೇಧಿಸುತ್ತದೆಂಬ ತಪ್ಪು ಕಲ್ಪನೆ ನಮ್ಮ ಅನೇಕ ಕುಟುಂಬಗಳಲ್ಲಿದೆ. 1987ರಲ್ಲಿ ಹೊರಬಂದ 'ದೋನುಮ್ ವೀತೆ' ಎಂಬ ಬೋಧನಾಪತ್ರ ಇದನ್ನು ಸ್ಪಷ್ಟಪಡಿಸಿದೆ. ಭ್ರೂಣದ ಜೀವವನ್ನೂ ಅಖಂಡತೆಯನ್ನೂ ಗೌರವಿಸುವ, ಅದರ ರಕ್ಷಣೆ ಅಥವಾ ಚಿಕಿತ್ಸೆಗಾಗಿ ಮಾಡುವ ಪರೀಕ್ಷೆ ಸಮ್ಮತವೇ. ವೈಕಲ್ಯ ಕಂಡರೆ ಗರ್ಭಪಾತ ಮಾಡಿಸುವ ಉದ್ದೇಶದಿಂದ ಮಾಡುವುದು ನಿಷಿದ್ಧ. ಹೃದಯದ ದೋಷ ಮೊದಲೇ ತಿಳಿದರೆ ಹೆರಿಗೆಯನ್ನು ಸೂಕ್ತ ಆಸ್ಪತ್ರೆಯಲ್ಲಿ ಮಾಡಿಸಬಹುದು. ಮನಸ್ಸನ್ನು ಸಿದ್ಧಗೊಳಿಸಿಕೊಳ್ಳಲು ಕುಟುಂಬಕ್ಕೆ ಕಾಲಾವಕಾಶವೂ ದೊರೆಯುತ್ತದೆ.

ಆದರೆ ಬೋಧನಾಪತ್ರ ತೋರಿಸಿ ಮನೆಗೆ ಕಳುಹಿಸಿದರೆ ಮುಗಿಯಿತೇ? ಗರ್ಭಪಾತ ಬೇಡವೆಂದು ಪೀಠದಿಂದ ಹೇಳುವ ಧರ್ಮಕೇಂದ್ರ, ಆ ಮಗು ಹುಟ್ಟಿದ ಮೇಲೆ ಏನು ಮಾಡುತ್ತದೆ? ಬಲಿಪೂಜೆಯ ನಡುವೆ ಸದ್ದು ಮಾಡುತ್ತದೆಂದು ತಾಯಿ ಮಗುವನ್ನೆತ್ತಿಕೊಂಡು ಹೊರಗಿನ ಜಗಲಿಯಲ್ಲಿ ನಿಲ್ಲುತ್ತಾಳೆ. ಪ್ರಥಮ ಪರಮಪ್ರಸಾದದ ತರಗತಿಗೆ ಅದರ ಹೆಸರು ಬರೆಸಲು ಸಂಕೋಚ. ಅಕ್ಕನ ಮದುವೆಯ ಮಾತುಕತೆಗೆ ಬಂದವರ ಕಣ್ಣಿಗೆ ಬೀಳದಂತೆ ತಮ್ಮನನ್ನು ಒಳಕೋಣೆಯಲ್ಲಿ ಕೂರಿಸುವ ಮನೆಗಳೂ ಇವೆ. ದೈಹಿಕ ಅಥವಾ ಮಾನಸಿಕ ವೈಕಲ್ಯವುಳ್ಳವರಿಗೂ ಅವರ ಸ್ಥಿತಿಗೆ ತಕ್ಕಂತೆ ಧರ್ಮೋಪದೇಶ ದೊರೆಯುವಂತೆ ನೋಡಿಕೊಳ್ಳುವುದು ಧರ್ಮಕೇಂದ್ರದ ಗುರುಗಳ ಕರ್ತವ್ಯವೆಂದು ಧರ್ಮಸಭೆಯ ಕಾನೂನು ಸಂಹಿತೆಯ 777ನೆಯ ವಿಧಿ ಹೇಳುತ್ತದೆ. ಎಷ್ಟು ಕಡೆ ಇದಕ್ಕಾಗಿ ತರಬೇತಾದ ಒಬ್ಬ ಉಪದೇಶಕರಿದ್ದಾರೆಂದು ಪಾಲನಾ ಪರಿಷತ್ತಿನ ಮುಂದಿನ ಸಭೆಯಲ್ಲಿ ಯಾರಾದರೂ ಕೇಳಬಹುದು. ಮಂಗಳೂರಿನ ಸಂತ ಆ್ಯಗ್ನೆಸ್ ವಿಶೇಷ ಶಾಲೆಯಂತಹ ಸಂಸ್ಥೆಗಳಲ್ಲಿ ನಮ್ಮ ಧಾರ್ಮಿಕ ಭಗಿನಿಯರು ದುಡಿಯುತ್ತಿರುವುದು ನಿಜವೇ. ಆದರೆ ಅವರ ದುಡಿಮೆಯನ್ನು ಹೊಗಳಿ ನಮ್ಮ ಪಾಲಿನದನ್ನು ಅವರಿಗೇ ಬಿಟ್ಟುಬಿಡುವುದು ಸುಲಭದ ದಾರಿ.

ತಂದೆತಾಯಿಯರ ಎದೆಯಲ್ಲಿರುವ ದೊಡ್ಡ ಭಯ ಇದಾವುದೂ ಅಲ್ಲ. ನಾವು ಹೋದ ಮೇಲೆ ಇವನನ್ನು ನೋಡಿಕೊಳ್ಳುವವರು ಯಾರು ಎಂಬುದೇ ಅದು. ಆಯುಷ್ಯ ಹೆಚ್ಚಿದಂತೆ ಆ ಭಯಕ್ಕೆ ಕಾರಣವೂ ಹೆಚ್ಚಿದೆ. ಐವತ್ತು ದಾಟಿದ ಮೇಲೆ ಇವರಲ್ಲಿ ಅನೇಕರಿಗೆ ಆಲ್ಝೈಮರ್ ಮರೆವಿನ ಕಾಯಿಲೆ ಬರುತ್ತದೆ. ಆ ಕಾಯಿಲೆಗೆ ಸಂಬಂಧಿಸಿದ ವಂಶವಾಹಿಯೊಂದು 21ನೆಯ ವರ್ಣತಂತುವಿನಲ್ಲೇ ಇದೆ. ಆ ವೇಳೆಗೆ ತಾಯಿಗೆ ಎಂಬತ್ತಾಗಿರುತ್ತದೆ. ಈ ವಿಷಯದಲ್ಲಿ ನಮ್ಮ ಕುಟುಂಬಗಳು ಬಹುಪಾಲು ಅರಿಯದಿರುವ ಸೌಲಭ್ಯಗಳು ಕೆಲವಿವೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಬೌದ್ಧಿಕ ವೈಕಲ್ಯ ಸೇರಿದೆ; ಅದರ ಗುರುತಿನ ಚೀಟಿಯನ್ನು ಮಗು ಚಿಕ್ಕದಿರುವಾಗಲೇ ಮಾಡಿಸಬೇಕು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ 'ನಿರಾಮಯ' ಎಂಬ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ದೊರೆಯುತ್ತದೆ. ಮಗನಿಗೋ ಮಗಳಿಗೋ 18 ತುಂಬಿದ ದಿನ ತಂದೆತಾಯಿಯರ ಸಹಜ ಪಾಲಕತ್ವ ಕಾನೂನಿನ ಕಣ್ಣಿನಲ್ಲಿ ಮುಗಿಯುತ್ತದೆ. ಬ್ಯಾಂಕಿನಲ್ಲಿ, ಆಸ್ತಿಯಲ್ಲಿ, ಆಸ್ಪತ್ರೆಯಲ್ಲಿ ಸಹಿ ಹಾಕುವವರಿರುವುದಿಲ್ಲ. ಅದಕ್ಕಾಗಿ ಅದೇ ಕಾಯಿದೆಯ ಕೆಳಗೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿರುವ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಿ ಪಾಲಕರನ್ನು ನೇಮಿಸಿಕೊಳ್ಳಬೇಕು. ಒಡಹುಟ್ಟಿದವರನ್ನೋ ನಂಬಿಕಸ್ಥ ಸಂಸ್ಥೆಯನ್ನೋ ಸೂಚಿಸಬಹುದು. ಅರ್ಜಿಯ ನಮೂನೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿದರೆ ಸಿಗುತ್ತದೆ.